ಊರಲ್ಲಿಲ್ಲದ ಕುಂಬಾರನ ಗಡಿಗೆಗಳು

ನಾಳೆ ಆಯುಧಪೂಜೆ. ಪಕ್ಕದ ಮನೆಯ ರೇಣುಕಾ ತನ್ನ ಹಿಟ್ಟಿನ ಗಿರಣಿಯ ಹೊಸ್ತಿಲಿಗೆ ಜಾಜು ಬಳಿಯುತ್ತಿದ್ದಳು. ಜಾಜು ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕೋ ಏನೋ. ಗೋಡೆಗೆ, ಹೊಸ್ತಿಲಿಗೆ ಬಳಿಯುವ ಕೆಂಪು ಮಣ್ಣು ಅದು, ನೀರಿಗೆ ಬಿದ್ದ ಕೂಡಲೇ ತಣ್ಣನೆಯದೊಂದು ವಾಸನೆ ಬಿಡುತ್ತದೆ. ಸಿಂಧನೂರಿನ ಈ ಓಣಿಯ ಭತ್ತದ ಧೂಳು, ಆಟೋಗಳ ಹೊಗೆ ಎಲ್ಲವನ್ನೂ ದಾಟಿಕೊಂಡು ಆ ವಾಸನೆ ನನ್ನ ಕಟ್ಟೆಯವರೆಗೆ ಬಂತು. ಓದುತ್ತಿದ್ದ ಪತ್ರಿಕೆಯನ್ನು ನಾನು ಮಡಿಲಿಗೆ ಇಳಿಸಿದೆ.

ಪತ್ರಿಕೆಯಲ್ಲಿ ಅರ್ಧ ಪುಟದ ಒಂದು ಕೋಷ್ಟಕವಿತ್ತು. ದೊಡ್ಡ ಪಟ್ಟಣಗಳಲ್ಲಿ ಉದ್ಯೋಗ ಇಷ್ಟು ಏರಿದೆ, ಹಳ್ಳಿಗಳಲ್ಲಿ ಇಷ್ಟು ಇಳಿದಿದೆ, ಮುಂದೆ ಹೀಗಾಗಬಹುದು ಎಂದು ಗೆರೆಗಳನ್ನು ಎಳೆದು ತೋರಿಸಿದ್ದರು. ಓದುವವರಿಗೆ ಇದರಿಂದ ತಿಳಿವಳಿಕೆ ಬರುತ್ತದೆ ಎಂದು ಕೇಳಿದ್ದೇನೆ. ನನಗೆ ಬರುವುದು ಗೊಂದಲ. ಇದನ್ನು ಯಾರು ಬರೆದುಕೊಂಡು ಬಂದರು, ಯಾರ ಬಾಗಿಲಲ್ಲಿ ನಿಂತು ಕೇಳಿದರು, ಆ ಬಾಗಿಲಲ್ಲಿದ್ದವರು ನಿಜ ಹೇಳಿದರೇ ಎಂದೆಲ್ಲ ಯೋಚನೆ ಹತ್ತಿಕೊಳ್ಳುತ್ತದೆ. ಅದೂ ಅಲ್ಲದೆ ಇವತ್ತೇ ನಮ್ಮ ಓಣಿಗೆ ಅಂಥದೇ ಸಮೀಕ್ಷೆ ಬಂದಿತ್ತು. ಆರ್.ಎಚ್. ಕ್ಯಾಂಪಿನ ಕಡೆಯ ಒಬ್ಬ ಟೀಚರ್, ಎದೆಗೆ ಹಲಗೆ ಒತ್ತಿಕೊಂಡು, ಮೂರು ಮನೆ ಆಚೆ ನಿಂತು ಬರೆದುಕೊಳ್ಳುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ರೇಣುಕಾಳ ಗಿರಣಿಗೆ ಬರುತ್ತಾಳೆ. ಗಿರಣಿಯ ಬೋರ್ಡಿನ ಮೇಲೆ ರೇಣುಕಾಳ ಗಂಡನ ಹೆಸರಿದೆ. ಗಂಡ ನಾಲ್ಕು ವರ್ಷದಿಂದ ಪುಣೆಯಲ್ಲಿದ್ದಾನೆ. ಆ ಟೀಚರ್ ಏನು ಬರೆದುಕೊಳ್ಳುತ್ತಾಳೆ ಎಂದು ನನ್ನ ಎದೆ ಯಾಕೆ ಹೊಡೆದುಕೊಳ್ಳಬೇಕು? ಹೊಡೆದುಕೊಂಡಿತು. ಅದಕ್ಕೆ ಕಾರಣ ಹೇಳಬೇಕಾದರೆ ನಿಮ್ಮನ್ನು ನಿಜಾಮರ ಕಾಲಕ್ಕೆ ಕರೆದುಕೊಂಡು ಹೋಗಬೇಕು. ದೂರವೇನಿಲ್ಲ, ಲಿಂಗಸುಗೂರಿನವರೆಗೆ ಬಂದರೆ ಸಾಕು.

ಆಗ ನಾನು ಲಿಂಗಸುಗೂರಿನ ಕಚೇರಿಯೊಂದರಲ್ಲಿ ಉಮೇದುವಾರನಾಗಿದ್ದೆ. ಉಮೇದುವಾರ ಎಂದರೆ ದಿನಾ ಮಡಿಕೆ ಮುರಿಯದ ಅಂಗಿ ಹಾಕಿಕೊಂಡು ಕಚೇರಿಗೆ ಹೋಗುವವನು, ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಬರುವವನು, ಆದರೆ ನೌಕರಿಯಲ್ಲಿ ಇಲ್ಲದವನು. ಪಗಾರ ಇಲ್ಲ. ಯಾವತ್ತಾದರೂ ಒಂದು ಕುರ್ಚಿ ಖಾಲಿಯಾದೀತು ಎಂಬ ಆಸೆಯೇ ಅವನ ಹುದ್ದೆ. ನನಗೆ ಹೆಣ್ಣು ತೋರಿಸಲು ಬಂದವರು ಹುಡುಗ ಏನು ಮಾಡುತ್ತಾನೆಂದು ಕೇಳಿದಾಗ ನನ್ನ ಅವ್ವ ಪೇಚಿಗೆ ಬೀಳುತ್ತಿದ್ದಳು. "ಕಚೇರಿಗೆ ಹೋಗ್ತಾನಂತ ಹೇಳ್ಲೇನೋ, ಕೆಲಸಕ್ಕ ಹೋಗ್ತಾನಂತ ಹೇಳ್ಲೇನೋ?" ಎಂದು ಒಳಗೆ ಬಂದು ನನ್ನನ್ನೇ ಕೇಳುತ್ತಿದ್ದಳು. ನಾನು "ಕಚೇರಿಗೆ ಅನ್ನು" ಎನ್ನುತ್ತಿದ್ದೆ. ಬಂದವರು ಅದನ್ನು ಕೇಳಿ ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಹೀಗಿರುವಾಗ ಮರ್ದುಮ್‌ಶುಮಾರಿ ಬಂತು. ಈಗ ಜನಗಣತಿ ಅನ್ನುತ್ತೀರಲ್ಲ, ಅದೇ. ಹೊರಗೆ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಪಾಲಿಗೆ ಮಸ್ಕಿ ಕಡೆಯ ಹಳ್ಳಿಗಳನ್ನು ತಿರುಗಿ, ಪ್ರತಿ ಮನೆಗೆ ಜಾಜಿನಿಂದ ನಂಬರು ಬರೆದು, ಒಳಗಿರುವವರ ಹೆಸರು, ವಯಸ್ಸು, ಕಸುಬು ಬರೆದುಕೊಳ್ಳುವ ಕೆಲಸ ಬಂತು. ನನ್ನ ಮೇಲಿದ್ದವರು ಕಂದಾಯ ತಪಾಸಣೆಯ ಗಿರ್ದಾವರ್ ಸಾಹೇಬರು. ಬಿಳಿ ಗಡ್ಡದ, ಅತ್ತರು ಹಚ್ಚುವ, ತಪ್ಪು ಕಂಡರೆ ಹಲ್ಲುನೋವು ಬಂದವರಂತೆ ಮುಖ ಮಾಡುವ ಮನುಷ್ಯ. ಅವರು ನನ್ನನ್ನು ಕರೆದು ಉರ್ದು ಫಾರಮು ಕೈಗಿಟ್ಟು, ಅದರಲ್ಲಿ ಕಸುಬು ಬರೆಯುವ 'ಪೇಶಾ' ಎಂಬ ಖಾನೆಯ ಮೇಲೆ ಬೆರಳಿಟ್ಟರು.

"ದೇಖೋ ಬೇಟಾ, ಒಬ್ಬ ಆದ್ಮಿಗೆ ಒಂದ ಪೇಶಾ. ಒಂದ ಖಾನಾದಾಗ ಒಂದ ಲಫ್ಜ್. ಎರಡ ಬರದ್ರ ಮ್ಯಾಲಿನವ್ರಿಗೆ ಕೂಡಿಸಾಕ ಬರೂದಿಲ್ಲ. ಈ ಕೆಲಸ ಬರೋಬರ್ ಮಾಡಿದಿ ಅಂದ್ರ ನಿನ್ನ ಹೆಸರು ನಾ ಮ್ಯಾಲೆ ಕಳಸ್ತೀನಿ."

ಮೇಲೆ ಕಳಿಸುವುದು ಎಂದರೆ ಕುರ್ಚಿ. ನಾನು ಆ ಫಾರಮನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಒಬ್ಬನಿಗೆ ಒಂದು ಕಸುಬು. ಕೇಳಲು ಎಷ್ಟು ಸುಲಭ. ಹೋದ ಮೊದಲ ದಾರಿಯಲ್ಲೇ ಒಬ್ಬ ಸಿಕ್ಕ, ಹೆಗಲ ಮೇಲೆ ಗುದ್ದಲಿ. ಏನು ಕೆಲಸ ಅಂದೆ. "ಮಳಿ ಆದ್ರ ಒಕ್ಕಲುತನ. ಆಗ್ಲಿಲ್ಲಂದ್ರ ಹಟ್ಟಿ ಗಣಿ. ನಡುವ ಮಾವನ ಕುರಿ ಕಾಯ್ತೀನಿ" ಎಂದ. ಒಂದೇ ಹೇಳು ಅಂದೆ. ಅವನು ಆಕಾಶ ನೋಡಿದ, ನಾನೂ ನೋಡಿದೆ. ಮೋಡ ಇರಲಿಲ್ಲ. "ಈಗ ಹೆಂಗ ಹೇಳೂದ್ರಿ?" ಅಂದ. ನ್ಯಾಯವಾದ ಮಾತೇ.

ಮೊದಲ ಹಳ್ಳಿಯಲ್ಲಿ ಇನ್ನೊಂದು ತರಹದ ಆಟ. ಸರ್ಕಾರ ಹೈದರಾಬಾದಿಗೆ ಕುಶಲ ಕೆಲಸಗಾರರನ್ನು ಆರಿಸಿಕೊಂಡು ಹೋಗುತ್ತದೆ, ಈ ಬರೆದುಕೊಳ್ಳುವುದು ಅದಕ್ಕೇ ಎಂದು ಯಾರೋ ಗಾಳಿಸುದ್ದಿ ಎಬ್ಬಿಸಿದ್ದರು. ಹಾಗಾಗಿ ಊರ ತುಂಬಾ ಬಡಿಗೇರರು. ಎತ್ತು ಹೊಡೆಯುವವನು ಬಡಿಗೇರ, ಎಲೆ ಅಡಿಕೆ ಮಾರುವವನು ಬಡಿಗೇರ. ಒಬ್ಬನನ್ನು, "ಬಾಚಿ ಹಿಡಿದು ಗೊತ್ತೇನಪ್ಪಾ?" ಎಂದು ಕೇಳಿದೆ. "ನೀವು ಮೊದ್ಲು ಬರಕೋರಿ, ಕಲಿಯೂದು ಏಟೊತ್ತು?" ಎಂದ. ಇದನ್ನು ಕೂಡಿಸಿದವರು ನಿಜಾಮರ ರಾಜ್ಯದಲ್ಲಿ ಬಡಿಗತನ ಭಾರಿ ಬೆಳೆದಿದೆ ಎಂದು ವರದಿ ಬರೆದಿರಬೇಕು. ಯಾರಾದರೂ ಹಳೆಯ ಕೋಷ್ಟಕದಲ್ಲಿ ಆ ಏರಿಕೆ ಕಂಡು ತಲೆ ಕೆರೆದುಕೊಂಡಿದ್ದರೆ ನನ್ನನ್ನು ಕ್ಷಮಿಸಬೇಕು.

ಅಲ್ಲಿಂದ ಪಾಮನಕಲ್ಲೂರಿನ ಹಾದಿ ಹಿಡಿದು ಮುಂದಿನ ಹಳ್ಳಿಗೆ ಬಂದೆ. ಸಣ್ಣ ಊರು, ಹೆಸರು ಬೇಡ, ಯಾಕೆ ಬೇಡ ಎಂಬುದು ನಿಮಗೇ ಗೊತ್ತಾಗುತ್ತದೆ. ಅಲ್ಲಿ ಎಲ್ಲ ತಿರುಗಮುರುಗ. ಊರ ಬಾಯಲ್ಲೇ ಬೇವಿನ ಗಿಡದ ಕೆಳಗೆ ಒಬ್ಬ ಕುಳಿತು ಬಂಡಿಯ ಗಾಲಿಗೆ ಅರ ಕೂಡಿಸುತ್ತಿದ್ದ. ಮೈತುಂಬ ಕಟ್ಟಿಗೆಯ ಪುಡಿ. ಹೆಸರು ಮಾನಪ್ಪ. ಕಸುಬು ಕೇಳಿದೆ.

"ಏನಿಲ್ರಿ."

"ಏನಿಲ್ಲ ಅಂದರೆ? ಇದು?"

"ಇದಾ? ಹೊತ್ತು ಹೋಗೂದಿಲ್ಲಂತ ಕುಂತೀನ್ರಿ. ಕೂಲಿ ಅಂತ ಬರಕೋರಿ."

ಮುಂದೆ ಹೋದರೆ ಚಮ್ಮಾವುಗೆ ಹೊಲಿಯುವವನು ಕೂಲಿ, ಎಣ್ಣೆಗಾಣದವನು ಕೂಲಿ, ಕುಲುಮೆಯ ಮುಂದೆ ತಿದಿ ಒತ್ತುತ್ತಿದ್ದವನು "ಚಳಿ ಕಾಯಿಸ್ಕೊಳ್ಳಾಕತ್ತೀನಿ" ಎಂದ. ಸುಗ್ಗಿಯ ಬಿಸಿಲಲ್ಲಿ ನನಗೆ ಬೆವರು ಸುರಿಯುತ್ತಿತ್ತು. ಜೊತೆಗಿದ್ದ ತಳವಾರ ಕೊನೆಗೆ ಕನಿಕರಪಟ್ಟು ಗುಟ್ಟು ಹೇಳಿದ. ದೌರೆಗೆ, ಅಂದರೆ ಹಳ್ಳಿ ತಿರುಗಾಟಕ್ಕೆ, ಯಾರಾದರೂ ಸಾಹೇಬರು ಬಂದು ಡೇರೆ ಹೊಡೆದರೆ ಮಂಚ ಮಾಡಿಕೊಡು, ಚಪ್ಪಲಿ ಹೊಲಿದುಕೊಡು, ಲಾಳ ಬಡಿ ಎಂದು ಬಿಟ್ಟಿ ಕೆಲಸ ಹಚ್ಚುತ್ತಿದ್ದರು. ಕಸುಬು ಕಾಗದಕ್ಕೆ ಹತ್ತಿತೆಂದರೆ ಬಿಟ್ಟಿ ತಪ್ಪುವುದಿಲ್ಲ ಎಂದು ಊರವರೆಲ್ಲ ಚಾವಡಿಯಲ್ಲಿ ಮಾತಾಡಿಕೊಂಡು, ಒಂದೇ ದಿನ ಎಲ್ಲರೂ ನಿರುದ್ಯೋಗಿಗಳಾಗಿಬಿಟ್ಟಿದ್ದರು.

ಕೊನೆಯ ಮನೆಗೆ ಬರುವಷ್ಟರಲ್ಲಿ ನನ್ನ ಡಬ್ಬಿಯ ಜಾಜು ಮುಗಿದಿತ್ತು, ತಲೆಯೂ ಕೆಟ್ಟಿತ್ತು. ಬಾಗಿಲಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಒಳಗಿನಿಂದ ಒಬ್ಬ ಹೆಣ್ಣುಮಗಳು ಸೆರಗಿನಿಂದ ಮೊಣಕೈ ಒರೆಸಿಕೊಳ್ಳುತ್ತ ಬಂದಳು. ಮೂವತ್ತರ ಆಸುಪಾಸು. ಹೆಸರು ಶಿವಗಂಗವ್ವ, ಮುದುಕಿ ಅವಳ ಅತ್ತೆ. ಮನೆಯೊಡೆಯನ ಕಸುಬು ಕೇಳುವ ಉಮೇದೂ ನನಗೆ ಉಳಿದಿರಲಿಲ್ಲ. ಕೂಲಿ ಎಂದು ಬರೆಯಲು ಲೇಖಣಿ ಇಟ್ಟಿದ್ದೆ.

"ಕುಂಬಾರ್ಕಿ ಬರೀರಿ ಮುನಶಿ ಸಾಹೇಬ್ರ" ಎಂದಳು ಅವಳು. "ದೊಡ್ಡ ಅಕ್ಷರದಾಗ ಬರೀರಿ."

ನಾನು ತಲೆ ಎತ್ತಿದೆ. ಆ ಊರಲ್ಲಿ ಕಸುಬು ಇದೆ ಎಂದು ಬಾಯಿಬಿಟ್ಟು ಹೇಳಿದ ಮೊದಲ ಜೀವ. ಖುಷಿಯಿಂದ, "ಎಲ್ಲಿ ನಿಮ್ಮವರು?" ಎಂದೆ.

"ಕೆರಿಗೆ ಹೋಗ್ಯಾರ್ರಿ, ಮಣ್ಣು ತರಾಕ."

ಮರುದಿನ ಬಂದೆ, ಕೆರೆಗೆ ಹೋಗಿದ್ದರು. ಅದರ ಮರುದಿನವೂ ಕೆರೆಗೆ ಹೋಗಿದ್ದರು. ಇಷ್ಟು ಮಣ್ಣು ತಂದರೆ ಕೆರೆ ಬಾವಿಯಾಗುತ್ತದಲ್ಲ ಎಂದುಕೊಳ್ಳುತ್ತ ಅವರ ಎದುರಿನ ಕಟ್ಟೆಯಲ್ಲಿ ಕಾಯುತ್ತ ಕೂತೆ. ಆಗ ಒಂದು ಸೋಜಿಗ ಕಂಡಿತು. ಊರಿನ ಹೆಂಗಸರು ಒಬ್ಬೊಬ್ಬರೇ ಆ ಬಾಗಿಲಿಗೆ ಬಂದು ಮುದುಕಿಯ ಮುಂದೆ ನಿಲ್ಲುತ್ತಿದ್ದರು. ಒಬ್ಬಳು, "ಬಸಲಿಂಗಪ್ಪಗ ಹೇಳಬೇ ಯಮ್ಮಾ, ಕಂಠ ಸಣ್ಣದಿರ್ಲಿ ಅಂತ" ಅನ್ನುವಳು. ಇನ್ನೊಬ್ಬಳು, "ಮದುವಿಗೆ ಐರಾಣಿ ಗಡಿಗಿ ಬೇಕು, ಬಸಲಿಂಗಪ್ಪಗ ನೆನಪು ಮಾಡು" ಅನ್ನುವಳು. ಒಳಗೆ ಅಷ್ಟು ಹತ್ತಿರ ಶಿವಗಂಗವ್ವ ಇದ್ದರೂ ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಒಬ್ಬ ಅಜ್ಜಿಯಂತೂ ಕೊಂಡ ಗಡಿಗೆಯನ್ನು ಬಾರಿಸಿ ನೋಡಿ, "ಮೂರು ವರ್ಷಾತು ನೋಡು, ನಿನ್ನ ಮಗನ ಕೈ ಭಾಳ ಸುಧಾರಿಸ್ಯಾದ" ಎಂದು ಮೆಚ್ಚಿ ಹೋದಳು.

ಈ ಬಸಲಿಂಗಪ್ಪ ಎಲ್ಲಿದ್ದಾನೆಂಬುದು ನನಗೆ ತಿಳಿದದ್ದು ಒಂದು ಕಾರ್ಡಿನಿಂದ. ಊರಲ್ಲಿ ಓದು ಬಂದವನು ಸಿಕ್ಕಿದನೆಂದು ಮುದುಕಿ ಆಸೆಪಟ್ಟು ಸೊಂಟದ ಚೀಲದಿಂದ ತೆಗೆದು ಕೊಟ್ಟಳು. ಸೊಲ್ಲಾಪುರದಿಂದ ಬಂದದ್ದು. ತಾನು ಅರಿವೆ ಗಿರಣಿಯಲ್ಲಿ ನೂಲಿನ ಕೆಲಸಕ್ಕಿದ್ದೇನೆ, ಅರಾಮ ಇದ್ದೇನೆ, ಈ ವರ್ಷವೂ ಬರಲಾಗುವುದಿಲ್ಲ ಎಂದು ಯಾರ ಕೈಯಿಂದಲೋ ಬರೆಸಿದ್ದ. ಓದಿದ ಮೇಲೆ ಮುದುಕಿಗೆ ತನ್ನ ತಪ್ಪು ಹೊಳೆಯಿತು. ಕಾರ್ಡನ್ನು ಕಸಿದುಕೊಂಡಳು. ಆಮೇಲೆ ಮೆತ್ತಗೆ ಎಲ್ಲ ಹೇಳಿದಳು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಪ್ರತಿ ಒಕ್ಕಲಿಗನೂ ಕುಂಬಾರನ ಮನೆಗೆ ಜೋಳದ ಪಾಲು ಕೊಡಬೇಕು. ಅದಕ್ಕೆ ಆಯ ಅನ್ನುತ್ತಾರೆ. ಆದರೆ ಆ ಮನೆಯಲ್ಲಿ ತಿಗರಿ ತಿರುಗಿಸುವ ಗಂಡಸಿರಬೇಕು. ಕುಂಬಾರರ ಚಕ್ರವೇ ತಿಗರಿ. ಹೆಂಗಸರು ಮಣ್ಣು ತುಳಿಯಬಹುದು, ಗಡಿಗೆ ಬಡಿಯಬಹುದು, ಜಾಜು ಬಳಿಯಬಹುದು, ತಿಗರಿ ಮುಟ್ಟಬಾರದು ಎಂದು ಅವರಲ್ಲಿ ಕಟ್ಟು. ಗಂಡಸು ಇಲ್ಲವೆಂದಾದರೆ ಆಯ ಮಸ್ಕಿಯಲ್ಲಿರುವ ದಾಯಾದಿ ಈರಪ್ಪನಿಗೆ ಹೋಗುತ್ತದೆ. ಅವನು ಪ್ರತಿ ಸುಗ್ಗಿಗೆ ಬಂದು, ತಮ್ಮ ಎಲ್ಲಿ ಎಂದು ಕೇಳುತ್ತಾನೆ. ಊರವರು ಕೆರೆಗೆ ಹೋಗಿದ್ದಾನೆ ಅನ್ನುತ್ತಾರೆ. ಹೀಗೆ ಮೂರು ಸುಗ್ಗಿ ಕಳೆದಿವೆ.

"ಈ ಸಲ ಕಾಗದದಾಗ ಹತ್ತಿತಂದ್ರ ಅವನ ಬಾಯಿ ಮುಚ್ಚತೈತಿ" ಎಂದಳು ಮುದುಕಿ. "ಬರಿಯಪ್ಪ ನನ್ನ ಮಗನ. ಮನಿಯಾಗ ಅದಾನಂತ ಬರಿ. ಜಾಜು ಬೇಕಂದ್ಯಲ್ಲ, ಹಿತ್ತಲದಾಗ ಐತಿ, ತಗೋ ಹೋಗು."

ಹಿತ್ತಲಿಗೆ ಹೋದೆ. ಅಲ್ಲಿ ಶಿವಗಂಗವ್ವ ತಿಗರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ನಾನು ಬಂದದ್ದು ಅವಳಿಗೆ ತಿಳಿಯಲಿಲ್ಲ. ತಿರುಗುವ ಮಣ್ಣಿನೊಳಗೆ ಒಂದು ಕೈ, ಹೊರಗೆ ಒಂದು ಕೈ, ಕಣ್ಣು ಅರ್ಧ ಮುಚ್ಚಿದ್ದವು. ಮಣ್ಣು ತಾನಾಗಿಯೇ ಎದ್ದು ಕಂಠವಾಯಿತು. ನಾನು ಎಷ್ಟೋ ಕುಂಬಾರರನ್ನು ನೋಡಿದ್ದೇನೆ, ಅಷ್ಟು ನೆಮ್ಮದಿಯಿಂದ ಕೆಲಸ ಮಾಡುವವರನ್ನು ಅದಕ್ಕಿಂತ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತಿಗರಿ ನಿಂತಾಗ ಅವಳು ನನ್ನನ್ನು ಕಂಡಳು.

"ನೋಡಿದ್ರೇನು?"

"ಇಲ್ಲ" ಎಂದೆ.

ಅವಳು ನಕ್ಕಳು. "ನೋಡ್ಲಿಲ್ಲಂದ್ರ ಚೊಲೊ ಆತು. ಈ ಊರಾಗ ಯಾರೂ ನೋಡಿಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಏನು ಮಾಡಿದೆ ಗೊತ್ತೇ? ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅಂದು ಸಂಜೆ ಚಾವಡಿಯಲ್ಲಿ ಕುಳಿತು ಯೋಚಿಸಿದೆ. ಸೊಲ್ಲಾಪುರ ಇಂಗ್ರೇಜಿ ಮುಲ್ಕು, ಬ್ರಿಟಿಷರ ಸೀಮೆ. ಬಸಲಿಂಗಪ್ಪನನ್ನು ಅಲ್ಲಿ ಗಿರಣಿಯವನೆಂದು ಬರೆದುಕೊಳ್ಳುತ್ತಾರೆ. ನಾನು ಇಲ್ಲಿ ಕುಂಬಾರನೆಂದು ಬರೆದರೆ ಒಬ್ಬ ಮನುಷ್ಯ ಎರಡಾಗುತ್ತಾನೆ, ಎರಡು ಸರ್ಕಾರಗಳಲ್ಲಿ ಎರಡು ಉದ್ಯೋಗ ಮಾಡುತ್ತಾನೆ. ಮತ್ತೆ ಈ ಗಡಿಗೆಗಳು? ಇವನ್ನು ಮಾಡಿದವರು ಯಾರೂ ಇಲ್ಲವೇ? ಸಾಹೇಬರು ಸರಿಯಾಗಿ ಬರೆ ಅಂದಿದ್ದರು. ಜೊತೆಗೆ ಅವಳ ಕೈ ಕಣ್ಣಿನಿಂದ ಹೋಗಿರಲಿಲ್ಲ. ಅವಳಿಗೆ ನ್ಯಾಯ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಬೀಗಿಕೊಂಡು, ಗಂಡನ ಹೆಸರಿನ ಮುಂದೆ 'ಸೊಲ್ಲಾಪುರದಲ್ಲಿ, ಗಿರಣಿ' ಎಂದೂ, ಶಿವಗಂಗವ್ವನ ಹೆಸರಿನ ಮುಂದೆ 'ಕುಂಬಾರಿಕೆ' ಎಂದೂ ಬರೆದೆ. ದೊಡ್ಡ ಅಕ್ಷರದಲ್ಲೇ ಬರೆದೆ. ಅವಳನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮನುಷ್ಯನಿಗೆ ಏನೇನು ಹೊಳೆಯುವುದಿಲ್ಲವೋ!

ನಮ್ಮ ಗಿರ್ದಾವರ್ ಸಾಹೇಬರದು ಒಂದು ಸ್ವಂತ ಪದ್ಧತಿಯಿತ್ತು. ಊರು ಮುಗಿದ ಮೇಲೆ ಬಂದು, ಎಲ್ಲರನ್ನೂ ಚಾವಡಿಗೆ ಕರೆಸಿ, ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಕೂಗಿ ಓದಿಸುತ್ತಿದ್ದರು. ತಪ್ಪಿದ್ದರೆ ಅಲ್ಲೇ ಹೇಳಲಿ ಎಂದು. ಅವರು ಬಂದ ದಿನ ಮಧ್ಯಾಹ್ನ ನಾನು ಎದ್ದು ನಿಂತು ಓದತೊಡಗಿದೆ. ಮಾನಪ್ಪ, ಕೂಲಿ. ಇಂಥವನು, ಕೂಲಿ. ಇಂಥವನು, ಕಸುಬಿಲ್ಲ. ಸಾಹೇಬರ ಮುಖಕ್ಕೆ ಹಲ್ಲುನೋವು ಬರುತ್ತಿತ್ತು. ನನ್ನ ಬಲಕ್ಕೆ ಮಸ್ಕಿಯ ರುಮಾಲು ಸುತ್ತಿದ ಒಬ್ಬ ಕೂತಿದ್ದ. ಸುಗ್ಗಿಯಲ್ಲವೇ, ಈರಪ್ಪ ಬಂದಿದ್ದ. ಅವನು ಯಾರೆಂದು ನನಗೆ ಗೊತ್ತಿರಲಿಲ್ಲ. ಕೊನೆಯ ಮನೆಗೆ ಬಂದಾಗ ದನಿ ಏರಿಸಿ ಓದಿದೆ: ಬಸಲಿಂಗಪ್ಪ, ಸೊಲ್ಲಾಪುರದಲ್ಲಿ, ಗಿರಣಿ. ಶಿವಗಂಗವ್ವ, ಕುಂಬಾರಿಕೆ.

ಎಲ್ಲರಿಗೂ ಗೊತ್ತಿದ್ದದ್ದೇ ಅದು. ಆದರೆ ಮೂರು ವರ್ಷ ಅದನ್ನು ಯಾರೂ ಬಾಯಲ್ಲಿ ಆಡಿರಲಿಲ್ಲ. ಹೆಂಗಸರ ಸಾಲಿನಲ್ಲಿದ್ದ ಶಿವಗಂಗವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು, ನಾನು ಹೇಳಿದ್ದು ಇವನಿಗೆ ಅರ್ಥವೇ ಆಗಲಿಲ್ಲವಲ್ಲ ಎಂಬಂತೆ ನೋಡಿದಳು.

ಈರಪ್ಪ ಎದ್ದ. "ಕೇಳಿದ್ರೆಲ್ಲಾ? ಸರ್ಕಾರದ ಕಾಗದನ ಹೇಳಾಕತ್ತೈತಿ. ಗಂಡಸು ಊರಾಗಿಲ್ಲ. ಹೆಂಗಸು ತಿಗರಿ ಮುಟ್ಯಾಳ. ಇನ್ನ ಆ ಮನಿಗೆ ಆಯ ಎಲ್ಲಿದು? ತಿಗರಿನೂ ಇವತ್ತ ಬಂಡ್ಯಾಗ ಹಾಕ್ಕೊಂಡು ಹೋಗ್ತೀನಿ" ಎಂದ.

ನಾನು ಹೊತ್ತಗೆ ಹಿಡಿದುಕೊಂಡು ಸಾಹೇಬರ ಕಡೆ ತಿರುಗಿದೆ. ಅಷ್ಟರಲ್ಲಿ ಬೇವಿನ ಗಿಡದ ಮಾನಪ್ಪ ಎದ್ದು ನಿಂತ.

"ಮುನಶಿ ತಪ್ಪ ಬರದಾನ್ರಿ ಸಾಹೇಬ್ರ. ಬಸಲಿಂಗ ಇಲ್ಲೇ ಅದಾನ. ಮೊನ್ನಿ ಅವನ ತಿಗರಿ ಗೂಟ ಸಡ್ಲಾಗಿತ್ತು, ನಾನ ಹೋಗಿ ಹೊಸಾದು ಹಾಕಿ ಕೊಟ್ಟೀನಿ. ಅಂವ ಮುಂದ ಕುಂತು ಹಾಕಿಸ್ಕೊಂಡಾನ."

ಸಾಹೇಬರು ಕನ್ನಡಕ ಮೇಲೆ ಮಾಡಿದರು. "ನೀನು ಕೂಲಿ ಅಲ್ಲಾ? ಗೂಟ ಹಾಕಾಕ ನಿನಗ ಹೆಂಗ ಬರತದ?"

ಹೇಳಿದರೆ ಏನಾಗುತ್ತದೆಂದು ಮಾನಪ್ಪನಿಗೆ ಗೊತ್ತಿತ್ತು. ಮುಂದಿನ ದೌರೆಯ ಮಂಚಗಳೆಲ್ಲ ಅವನ ಕಣ್ಣ ಮುಂದೆ ಸಾಲಾಗಿ ಬಂದಿರಬೇಕು. "ನಾ ಬಡಿಗೇರ ಅದೀನ್ರಿ" ಎಂದ. "ಹುಟ್ಟಾ ಬಡಿಗೇರ. ಬರಕೋರಿ."

ಅವನ ಹಿಂದೆ ಕುಲುಮೆಯವನು ಎದ್ದ. ಬಸಲಿಂಗನ ಸನಿಕೆ ಹಣಿದುಕೊಟ್ಟದ್ದು ತಾನು, ತಾನು ಕಮ್ಮಾರ, ಬರೆದುಕೊಳ್ಳಿ ಎಂದ. ಗಾಣದವನು ಎದ್ದು, ಬಸಲಿಂಗ ನಿನ್ನೆ ತನ್ನ ಗಾಣದಿಂದಲೇ ಎಣ್ಣೆ ಒಯ್ದಿದ್ದಾನೆ ಎಂದ. ಚಪ್ಪಲಿಯವನು, "ಅವನ ಕಾಲಾಗ ಇರಾವು ನಾ ಹೊಲದಾವು" ಎಂದ. ಹೀಗೆ ಒಬ್ಬೊಬ್ಬರೂ ಊರಲ್ಲಿಲ್ಲದ ಕುಂಬಾರನಿಗೆ ಸಾಕ್ಷಿ ಹೇಳಲು ಹೋಗಿ, ಮುಚ್ಚಿಟ್ಟಿದ್ದ ತಮ್ಮ ತಮ್ಮ ಕಸುಬನ್ನು ಸರ್ಕಾರದ ಮುಂದೆ ಇಟ್ಟುಬಿಟ್ಟರು. ಐರಾಣಿ ಗಡಿಗೆಯ ಹೆಂಗಸು ಕೂಡ ಸೆರಗು ಸರಿಮಾಡಿಕೊಂಡು, "ಈಗ ಕೆರಿ ದಂಡ್ಯಾಗ ಕಂಡು ಬಂದೀನ್ರೀ" ಎಂದಳು. ಈರಪ್ಪ ಒಬ್ಬೊಬ್ಬರ ಮುಖ ನೋಡಿದ. ಇಡೀ ಊರು ಒಂದು ಕಡೆ ನಿಂತಿತ್ತು. ಅವನು ರುಮಾಲು ಬಿಚ್ಚಿ ಸುತ್ತಿಕೊಂಡು ಕುಳಿತ.

ಸಾಹೇಬರು ನನ್ನ ಕಡೆ ತಿರುಗಿದರು. ಅವರಿಗೆ ಎಲ್ಲ ತಿಳಿದಿತ್ತೋ ಏನೂ ತಿಳಿದಿರಲಿಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. "ತಿದ್ದು" ಎಂದರು ಅಷ್ಟೇ.

ತಿದ್ದಿದೆ. ಕೂಲಿ ಹೊಡೆದು ಬಡಿಗತನ, ಕೂಲಿ ಹೊಡೆದು ಕಮ್ಮಾರಿಕೆ. ಸುಳ್ಳಾಗಿದ್ದ ಸಾಲುಗಳೆಲ್ಲ ನಿಜವಾದವು. ಕೊನೆಗೆ ಆ ಹೊತ್ತಗೆಯಲ್ಲಿ ಮೊದಲಿನಿಂದ ನಿಜವಾಗಿದ್ದ ಒಂದೇ ಒಂದು ಮನೆಗೆ ಬಂದು, ಅದನ್ನು ಹೊಡೆದು ಸುಳ್ಳು ಬರೆದೆ. ಬಸಲಿಂಗಪ್ಪ, ಮನೆಯಲ್ಲಿ, ಕುಂಬಾರಿಕೆ. ಶಿವಗಂಗವ್ವ, ಕಸುಬಿಲ್ಲ. ಸರಿ ಮಾಡುತ್ತಿದ್ದೇನೋ ತಪ್ಪು ಮಾಡುತ್ತಿದ್ದೇನೋ ಎಂಬುದು ಆಗ ತಿಳಿಯಲಿಲ್ಲ. ಈಗ ತಿಳಿದಿದೆ ಎಂದು ಹೇಳಿದರೆ ಅದೂ ಸುಳ್ಳು.

ಜನ ಚದುರಿದ ಮೇಲೆ ಅವಳು ಜಾಜಿನ ಗಡಿಗೆ ಹಿಡಿದು ಬಂದಳು. ಅಂದು ಹಿತ್ತಲಿನಿಂದ ನಾನು ಜಾಜು ತರದೆ ಬಂದಿದ್ದೆ, ನಂಬರು ಬರೆಯದೆ ಉಳಿದದ್ದು ಅವರ ಮನೆಯೊಂದೇ. ನಾನು ತಪ್ಪಾಯಿತವ್ವ ಎಂದೆ. ಅವಳು ಗಡಿಗೆ ಕೆಳಗಿಟ್ಟು, "ಮೊದಲು ಬರೆದಿದ್ರಲ್ಲ, ಅದು ಎಲ್ಲೈತ್ರಿ?" ಎಂದಳು.

ಹೊತ್ತಗೆ ಬಿಚ್ಚಿ, ಗೆರೆ ಹೊಡೆದ ಸಾಲನ್ನು ತೋರಿಸಿದೆ.

"ಇದು ನನ್ನ ಹೆಸ್ರಾ?"

"ಹೌದು."

"ಇದು ಕುಂಬಾರ್ಕಿ?"

"ಹೌದು."

ಅವಳು ಜಾಜು ಹತ್ತಿದ ಬೆರಳನ್ನು ಆ ಪದದ ಮೇಲಿಟ್ಟು, ಬಲದಿಂದ ಎಡಕ್ಕೆ ನಿಧಾನವಾಗಿ ಸರಿಸಿದಳು. ಅಕ್ಷರ ಬಾರದವಳಿಗೆ ಉರ್ದು ಯಾವ ಕಡೆಯಿಂದ ಓದುತ್ತಾರೆಂದು ಹೇಗೆ ತಿಳಿಯಿತೋ! ನಾನು ಬರೆಯುವಾಗ ನೋಡುತ್ತಿದ್ದಳೇನೋ. "ಚೊಲೊ ಕಾಣತೈತಿ" ಎಂದಳು. ಕಾಗದದ ಮೇಲೆ ಕೆಂಪು ಗುರುತು ಉಳಿಯಿತು. ಮರುದಿನ ಸಾಹೇಬರು ಅದನ್ನು ನೋಡಿ, ಸರ್ಕಾರಿ ಕಾಗದಕ್ಕೆ ಮಣ್ಣು ಹಚ್ಚಿದ್ದೀಯಲ್ಲ ಎಂದು ನನ್ನನ್ನು ಬೈದರು. ನಾನು ಬೈಸಿಕೊಂಡೆ.

ಅದೇ ಸಾಹೇಬರು ನನ್ನ ಹೆಸರನ್ನು ಮೇಲೆ ಕಳಿಸಿದರು. ಬೇರೆ ಹಳ್ಳಿಗಳಲ್ಲಿ ಇಲ್ಲದಷ್ಟು ಕಸುಬುಗಳನ್ನು ಒಂದೇ ಮಧ್ಯಾಹ್ನದಲ್ಲಿ ಹೊರಗೆ ತೆಗೆದ ಹುಷಾರಿ ಹುಡುಗ ಎಂದು ಬರೆದಿದ್ದರಂತೆ. ನನಗೆ ಸಿಂಧನೂರಿನ ಕಚೇರಿಯಲ್ಲಿ ಕುರ್ಚಿ ಸಿಕ್ಕಿತು. ಆಗ ಇಲ್ಲಿ ಕಾಲುವೆ ಇರಲಿಲ್ಲ, ಭತ್ತ ಇರಲಿಲ್ಲ. ಕರಿನೆಲ, ಜೋಳ, ಹತ್ತಿ, ಅಷ್ಟೇ. ಅವ್ವನಿಗೆ ಹೇಳಿಕೊಳ್ಳಲು ಒಂದು ಮಾತು ಸಿಕ್ಕಿತು, ನನಗೆ ಮದುವೆಯಾಯಿತು. ಮಾನಪ್ಪ ಮುಂದೆ ಒಂದು ಸಲ ದೌರೆಯ ಡೇರೆಯ ಹತ್ತಿರ ಬಿಟ್ಟಿ ಮಂಚ ಕೂಡಿಸುತ್ತಿದ್ದದ್ದನ್ನು ಕಂಡೆ. ಮುಖ ತಪ್ಪಿಸಿ ಹೋಗುತ್ತಿದ್ದ ನನ್ನನ್ನು ಅವನೇ ಕರೆದು, "ಏನ್ ಮಾಡೂದ್ರಿ, ಬರಿಸೀನಲ್ಲ" ಎಂದು ನಕ್ಕ. ನಾನೂ ನಕ್ಕೆ.

ನಿಜಾಮರ ಆಳ್ವಿಕೆ ಮುಗಿದ ಮೇಲೆ ಒಮ್ಮೆ ಆ ಊರಿನ ಹಾದಿಯಲ್ಲಿ ಹೋಗಿದ್ದೆ. ಮುದುಕಿ ಇರಲಿಲ್ಲ. ಬಾಗಿಲಲ್ಲಿ ಯಾರೋ ಒಬ್ಬಳು ಒಳಗೆ ಮುಖ ಮಾಡಿ, "ಬಸಲಿಂಗಪ್ಪಗ ಹೇಳ್ರಿ, ಎರಡು ಗಡಿಗಿ" ಎಂದು ಕೂಗುತ್ತಿದ್ದಳು. ಅವನು ಸೊಲ್ಲಾಪುರದಿಂದ ಬಂದಿದ್ದನೋ, ಇನ್ನೂ ಕೆರೆಯಲ್ಲೇ ಇದ್ದನೋ, ಕೇಳುವ ಧೈರ್ಯ ನನಗಾಗಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಟೀಚರ್ ನಮ್ಮ ಕಟ್ಟೆಗೇ ಬಂದಳು. ನನ್ನ ಹೆಸರು, ಪಿಂಚಣಿ, ಎಲ್ಲ ಬರೆದುಕೊಂಡಳು. ಆಮೇಲೆ ಪಕ್ಕದ ಬೋರ್ಡಿನ ಕಡೆ ನೋಡಿ, "ಅಜ್ಜಾ, ಗಿರಣಿ ಇವರದಾ? ಮನೆಯವರು ಅದಾರೇನ್ರಿ?" ಎಂದು ಕೇಳಿದಳು.

ನನ್ನ ಬಾಯಲ್ಲಿ ಉತ್ತರ ತಯಾರಾಗಿತ್ತು. ಈಗ ತಾನೇ ಅಕ್ಕಿ ಮಿಲ್ಲಿನ ಕಡೆ ಹೋದರು, ನೀವು ಬರುವ ಮುಂಚೆ ನಾನೇ ಮಾತಾಡಿಸಿದೆ ಎಂದು ಹೇಳುವುದು. ಮಾನಪ್ಪ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳುತ್ತಿದ್ದೆ. ಇಷ್ಟು ವರ್ಷ ಕಾದು ಒಂದು ಒಳ್ಳೆಯ ಸುಳ್ಳು ಹೇಳುವ ಅವಕಾಶ ಬಂದಿತ್ತು. ಬಾಯಿ ತೆರೆದವನು ಯಾಕೋ ತಡೆದೆ. ಆವತ್ತು ಶಿವಗಂಗವ್ವನನ್ನು ಕೇಳದೆ ಹೋದ ಒಂದು ಮಾತು ನೆನಪಾಯಿತು. ಕಟ್ಟೆ ಇಳಿದು ಗಿರಣಿಯ ಹೊಸ್ತಿಲವರೆಗೆ ಹೋದೆ. ರೇಣುಕಾ ಕುಕ್ಕರುಗಾಲಲ್ಲಿ ಕುಳಿತು ಜಾಜಿನ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದಳು.

"ರೇಣುಕಾ, ಏನಂತ ಬರಿಸೂಣವ್ವಾ?" ಎಂದು ಮೆಲ್ಲಗೆ ಕೇಳಿದೆ.

ಅವಳು ನನ್ನನ್ನೂ ಟೀಚರನ್ನೂ ನೋಡಿ, ಬೋರ್ಡನ್ನೂ ಒಮ್ಮೆ ನೋಡಿ, ಮೊಣಕೈಯಿಂದ ಹಣೆಯ ಕೂದಲು ಸರಿಸಿಕೊಂಡಳು.

"ಅದೇನ್ ಕೇಳೂದು ಕಾಕಾ? ಗಿರಣಿ ನಡಸಾಕಿ ನಾನು. ನನ್ನ ಹೆಸ್ರ ಬರೀರಿ ಟೀಚರ್. ದೊಡ್ಡ ಅಕ್ಷರದಾಗ ಬರೀರಿ."

ಟೀಚರ್ ಬರೆದುಕೊಂಡಳು. ಓಣಿಯಲ್ಲಿ ಒಂದು ಆಟೋ ಹೋಯಿತು. ನಾನು ಟೀಚರನ್ನು ಆ ಹಾಳೆ ಒಮ್ಮೆ ತೋರಿಸು ತಾಯಿ ಎಂದು ಬೇಡಿಕೊಂಡೆ. ಅವಳಿಗೆ ವಿಚಿತ್ರ ಅನ್ನಿಸಿರಬೇಕು. ಆದರೂ ಹಲಗೆಯನ್ನು ನನ್ನ ಕಡೆ ತಿರುಗಿಸಿದಳು. ರೇಣುಕಾಳ ಹೆಸರಿನ ಮುಂದೆ ಅವಳ ಕಸುಬು ಇತ್ತು. ಎಲ್ಲೂ ಗೆರೆ ಹೊಡೆದಿರಲಿಲ್ಲ. ನಾನು ಆ ಪದದ ಮೇಲೆ ಬೆರಳಿಟ್ಟು ನಿಧಾನವಾಗಿ ಎಡದಿಂದ ಬಲಕ್ಕೆ ಓದಿದೆ, ಎರಡು ಸಲ ಓದಿದೆ. ಬೆರಳು ತೆಗೆದಾಗ ಕಾಗದದ ಮೇಲೆ ಕೆಂಪು ಗುರುತು ಉಳಿದಿತ್ತು. ರೇಣುಕಾಳನ್ನು ಕೇಳಲು ಹೊಸ್ತಿಲಿಗೆ ಕೈ ಊರಿ ಬಗ್ಗಿದ್ದೆನಲ್ಲ, ಜಾಜು ಹತ್ತಿತ್ತು.

"ಅಯ್ಯ ಅಜ್ಜಾ, ಸರ್ಕಾರಿ ಕಾಗದ ಇದು!" ಎಂದು ಟೀಚರ್ ಬೈದಳು. ನಾನು ಬೈಸಿಕೊಂಡೆ.